ಹುಳಕ್ಕೆ ಬಿಟ್ಟ ಕರಿಬೇವು

ಜೂನ್ 8, ಭಾನುವಾರ

ಲೆನ್ಸ್ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಐದು ತಿಂಗಳ ಹಾಳೆ ಖಾಲಿ ಉಳಿದಿದೆ. ಮದುವೆಯಾಗಿ ಏಳು ವಾರ ಆಯಿತು. ಈ ಮನೆಯಲ್ಲಿ ನನ್ನ ಜೊತೆ ಮಾತನಾಡುವವರು ಕಡಿಮೆ, ಇಲ್ಲಿಯಾದರೂ ಬರೆಯೋಣ ಅನಿಸಿತು.

ಮೂವತ್ತೇಳು ವರ್ಷ ಸಾಗರದಲ್ಲಿ ಇದ್ದವಳು ನಾನು. ಅದರಲ್ಲಿ ಹದಿನೈದು ವರ್ಷ ಒಂದೇ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದೆ. ಈಗ ತೀರ್ಥಹಳ್ಳಿಯ ಬಡಾವಣೆಯೊಂದರಲ್ಲಿ, ಬೇರೆಯವರು ಜೋಡಿಸಿಟ್ಟ ಅಡುಗೆಮನೆಯಲ್ಲಿ ಸಾಸಿವೆ ಎಲ್ಲಿದೆ ಎಂದು ಹುಡುಕುತ್ತಿದ್ದೇನೆ. ಡಬ್ಬಿಗಳ ಮೇಲೆ ಸೌಜನ್ಯ ಅಂಟಿಸಿದ ಚೀಟಿಗಳು ಇನ್ನೂ ಇವೆ. ಸೌಜನ್ಯ ನನ್ನ ಗಂಡ ರಾಘವೇಂದ್ರ ಅವರ ಮೊದಲ ಹೆಂಡತಿ. ಕ್ಯಾನ್ಸರ್ ಆಗಿ ತೀರಿಕೊಂಡು ಮೂರು ವರ್ಷ. ಚೀಟಿಗಳನ್ನು ತೆಗೆಯಲು ನನಗೆ ಕೈ ಬಂದಿಲ್ಲ. 'ಮೆಂತ್ಯ' ಎಂದು ಬರೆದ ಡಬ್ಬಿಯಲ್ಲಿ ಜೀರಿಗೆ ಇದೆ.

ರಾಘವೇಂದ್ರ ಅವರು ಲೈನ್‌ಮನ್. ಮಳೆಗಾಲದಲ್ಲಿ ಎಲ್ಲಿ ತಂತಿಯ ಮೇಲೆ ಮರ ಬಿದ್ದರೂ ಅವರು ಅಲ್ಲಿರಬೇಕು. ಇವತ್ತು ಭಾನುವಾರವಾದರೂ ಬೆಳಿಗ್ಗೆಯೇ ಕೋಣಂದೂರಿನ ಕಡೆ ಹೋದರು. ಮನೆಯಲ್ಲಿ ನಾನು ಮತ್ತು ಅವರ ಮಗಳು. ಧೃತಿ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. 'ಚಿಕ್ಕಿ ಅಂತ ಕರಿ' ಎಂದು ಅಪ್ಪ ಹೇಳಿಕೊಟ್ಟಿದ್ದಾರೆ. ಆ ಹುಡುಗಿ ಏನೂ ಕರೆಯುವುದಿಲ್ಲ. ಏನಾದರೂ ಬೇಕಿದ್ದರೆ ಎದುರಿಗೆ ಬಂದು, ನಾನು ತಲೆಯೆತ್ತಿ ನೋಡುವವರೆಗೆ ನಿಂತಿರುತ್ತಾಳೆ.

ಅವಳಿಗೆ ಚಿಟ್ಟೆ ಎಂದರೆ ಪ್ರಾಣ ಎಂದು ಅವರು ಹೇಳಿದ್ದರು. ಹಿತ್ತಿಲಲ್ಲಿ ಹದಿನೈದು ಹೆಜ್ಜೆ ಉದ್ದದ ಜಾಗ, ಒಂದು ಕರಿಬೇವಿನ ಗಿಡ ಬಿಟ್ಟರೆ ಬರೀ ಹುಲ್ಲು. ಮೇಳಿಗೆ ಊರಿನ ದಾರಿಯ ನರ್ಸರಿಗೆ ಆಟೋ ಮಾಡಿಕೊಂಡು ಹೋಗಿ, ಸುತ್ತುದಳದ ದಾಸವಾಳ, ಮುಷ್ಟಿ ಗಾತ್ರದ ಚೆಂಡುಹೂವು, ಕೆಂಪು ಹಳದಿ ಎಲೆಯ ಕ್ರೋಟನ್ ತಂದೆ. ಮಳೆಯಲ್ಲೇ ನೆಟ್ಟೆ. ಹುಡುಗಿ ಕೊಡೆ ಹಿಡಿದು ಬಂದು ನೋಡಿದಳು.

"ಇದಕ್ಕೆ ಚಿಟ್ಟೆ ಬರಲ್ಲ."

"ಯಾಕೆ? ಇಷ್ಟೊಂದು ಬಣ್ಣ ಇದೆಯಲ್ಲ."

"ಬಣ್ಣ ಇದೆ" ಎಂದಳು. ಒಳಗೆ ಹೋದಳು.

ಜೂನ್ 19, ಗುರುವಾರ

ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಅಂಟಿಕೊಂಡಿತ್ತು. ಕಡ್ಡಿಯಿಂದ ಮುಟ್ಟಿದರೆ ಅಲ್ಲಾಡಿತು. ಹುಳ. ಹುಡುಕಿದಾಗ ಹನ್ನೊಂದು ಸಿಕ್ಕವು, ಕೆಲವು ಹಸಿರಾಗಿ ಬೆರಳಿನಷ್ಟು ದಪ್ಪವಾಗಿದ್ದವು. ಅರ್ಧ ಗಿಡ ಬೋಳಾಗಿತ್ತು. ಸಾಗರದಲ್ಲಿ ಅಮ್ಮ ಮಾಡುತ್ತಿದ್ದಂತೆ ಎಲ್ಲವನ್ನೂ ಆಯ್ದು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ, ಇಲ್ಲಿ ಹೊಸದಾಗಿ ಸೇರಿದ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಹುಡುಗಿ ಯೂನಿಫಾರ್ಮಿನಲ್ಲೇ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದೊಂದನ್ನೇ ಎಲೆಯ ಮೇಲೆ ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ದಳು.

"ಇವು ಏನ್ ಮಾಡಿದ್ವು?"

"ಗಿಡ ತಿಂತಿದ್ವು ಕಣೆ. ಇನ್ನೆರಡು ದಿನ ಬಿಟ್ಟಿದ್ರೆ ಒಗ್ಗರಣೆಗೆ ಒಂದು ಎಲೆ ಸಿಗ್ತಿರಲಿಲ್ಲ."

"ಇವು ಚಿಟ್ಟೆ ಮರಿ. ಅಮ್ಮ ಮುಟ್ತಿರಲಿಲ್ಲ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಊಟ ಮಾಡಲಿಲ್ಲ. ಚಿಟ್ಟೆ ಎಲ್ಲಿಂದ ಬರುತ್ತದೆ ಎಂದು ನಾನೂ ಶಾಲೆಯಲ್ಲಿ ಓದಿದ್ದೆ. ಆದರೆ ಪುಸ್ತಕದ ಚಿತ್ರಕ್ಕೂ ಕರಿಬೇವಿನ ಮೇಲಿದ್ದ ಆ ಹೊಲಸು ಹುಳಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಜೂನ್ 20, ಶುಕ್ರವಾರ

ಶೇಷಮ್ಮನವರ ಫೋನ್ ಬಂತು. ಸೌಜನ್ಯಳ ತಾಯಿ. ಹೊಸನಗರದ ಆಚೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಗೆ ಬಿಸಿಯೂಟ ಮಾಡುತ್ತಾರೆ. ನನ್ನ ಜೊತೆ ಮಾತನಾಡಿದ್ದು ಇದೇ ಎರಡನೇ ಸಲ.

"ಮಗು ಊಟ ಬಿಟ್ಟಿದೆಯಂತೆ."

"ಬೆಳಿಗ್ಗೆ ದೋಸೆ ತಿಂದಳು."

"ನೀವು ದೊಡ್ಡೋರು, ನಾನು ಹೇಳೋದೇನಿಲ್ಲ. ದಸರಾ ರಜಕ್ಕೆ ನಾ ಕರ್ಕೊಂಡ್ ಬರ್ತೀನಿ. ಅದಕ್ಕೆ ಇಲ್ಲೇ ಇರ್ಬೇಕು ಅನ್ಸಿದ್ರೆ, ನಾನು ಅಡುಗೆ ಮಾಡೋ ಸ್ಕೂಲಿಗೇ ಸೇರಿಸ್ತೀನಿ. ಕಣ್ಣೆದುರಿಗೆ ಇರ್ತದೆ. ರಾಘವೇಂದ್ರಂಗೂ ಹೇಳಿದೀನಿ."

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಅವರು ತಟ್ಟೆ ನೋಡುತ್ತಾ, "ಅವಳ ಇಷ್ಟ ಏನೋ ನೋಡೋಣ ಅಂದಿದೀನಿ" ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಜೂನ್ 29, ಭಾನುವಾರ

ಮತ್ತೆ ನರ್ಸರಿಗೆ ಹೋದೆ. ಹೋದ ಸಲ ಹುಡುಗರು ಕೊಟ್ಟಿದ್ದರು, ಇವತ್ತು ಮಾಲೀಕರು ಮಂಜಯ್ಯನವರೇ ಇದ್ದರು. ಎಪ್ಪತ್ತು ದಾಟಿದೆ, ಬೆನ್ನು ಬಾಗಿದೆ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದಾರೆ. ಚಿಟ್ಟೆ, ಜೇನು ಬರುವಂಥ ಗಿಡ ಬೇಕು ಎಂದೆ. ಮನೆಯಲ್ಲಿ ಏನೇನಿದೆ ಎಂದು ಕೇಳಿದರು. ಹೇಳಿದೆ. ನಕ್ಕರು.

"ಅವೆಲ್ಲ ನಮ್ಮ ಕಣ್ಣಿಗೆ ಮಾಡಿದ ಹೂವಮ್ಮ. ಬರೀ ದಳ. ಜೇನುಹುಳ ಒಳಗೆ ಹೋಗಕ್ಕೆ ದಾರಿನೇ ಇಲ್ಲ, ಹೋದ್ರೂ ಸಿಗೋದು ಏನಿಲ್ಲ. ಐದು ದಳದ ದಾಸವಾಳ ತಗೊಳ್ಳಿ, ಒಂದು ಸುತ್ತಿನ ಚೆಂಡುಹೂವು ತಗೊಳ್ಳಿ. ತುಳಸಿ ಹೂ ಬಿಡ್ಲಿ, ಚಿವುಟಬೇಡಿ. ತುಂಬೆ ತಾನಾಗೇ ಬಂದ್ರೆ ಕಳೆ ಅಂತ ಕೀಳಬೇಡಿ. ಕೇಪಳ ಇರ್ಲಿ. ರಥಪುಷ್ಪ ಒಂದು ಮೂಲೆಗೆ ಹಾಕಿ, ದೊಡ್ಡ ಚಿಟ್ಟೆ ಎಲ್ಲ ಅದಕ್ಕೇ."

"ಅಷ್ಟು ಸಾಕಾ?"

"ಅದು ಹೋಟ್ಲು ಆಯ್ತು. ಬರ್ತವೆ, ಕುಡಿತವೆ, ಹೋಗ್ತವೆ. ನಿಮ್ಮನೇಲೇ ಇರ್ಬೇಕು ಅಂದ್ರೆ ಹುಳಕ್ಕೆ ಊಟ ಹಾಕ್ಬೇಕು. ಕರಿಬೇವು ಇದೆ ಅಂದ್ರಿ. ಒಂದು ನಿಂಬೆ ಹಾಕಿ. ತಿಂದ್ಕೊಳ್ಲಿ ಅಂತ ಬಿಡಿ. ನೋಡಕ್ಕೆ ಚಂದ ಇರಲ್ಲ."

ಎಕ್ಕದ ಗಿಡವೂ ಒಳ್ಳೆಯದಂತೆ. ಅದರ ಹಾಲು ಕಣ್ಣಿಗೆ ಬಿದ್ದವರು ಅಂಗಡಿಗೆ ಬಂದದ್ದನ್ನು ನೋಡಿದ್ದೇನೆ, ಬೇಡ ಎಂದೆ. ಕೊನೆಗೆ ಈಶ್ವರಿ ಬಳ್ಳಿಯ ಮಾತು ಬಂತು. ನಮ್ಮ ಕಡೆಯ ಅತಿ ದೊಡ್ಡ ಚಿಟ್ಟೆ, ಕಪ್ಪು ಹಳದಿಯದು, ಆ ಬಳ್ಳಿಯ ಮೇಲೆ ಮಾತ್ರ ಮೊಟ್ಟೆ ಇಡುತ್ತದಂತೆ. ಅದು ಅವರ ಹತ್ತಿರ ಇರಲಿಲ್ಲ.

ಹೊರಡುವ ಮುಂಚೆ ಅವರ ಕನ್ನಡಕ ತೆಗೆಸಿ ನೋಡಿದೆ. ಸ್ಕ್ರೂ ಮಾತ್ರ ಬಿದ್ದಿತ್ತು. ನನ್ನ ಚೀಲದಲ್ಲಿ ಯಾವಾಗಲೂ ಒಂದೆರಡು ಇರುತ್ತವೆ. ಹಾಕಿಕೊಟ್ಟೆ.

ಜುಲೈ 6, ಭಾನುವಾರ

ಕ್ರೋಟನ್ ಕಿತ್ತು ಮುಂಬಾಗಿಲಿಗೆ ಇಟ್ಟೆ. ಹಿತ್ತಿಲಲ್ಲಿ ಹೊಸ ಗಿಡಗಳನ್ನು ನೆಡುತ್ತಿದ್ದಾಗ ಹುಡುಗಿ ಬಂದು ನಿಂತಳು. ಯಾವುದು ಯಾರಿಗೆ ಎಂದು ಮಂಜಯ್ಯನವರು ಹೇಳಿದ್ದನ್ನು ನಾನು ಗಿಡಗಳಿಗೇ ಹೇಳುವಂತೆ ಹೇಳುತ್ತಾ ಹೋದೆ.

"ನಿಂಬೆ ನೆರಳಿಗೆ ಬಂತು" ಎಂದಳು. "ಬಿಸಿಲಿರೋ ಕಡೆ ಹಾಕಿ. ಚಿಟ್ಟೆಗೆ ಬಿಸಿಲು ಬೇಕು."

ಕಿತ್ತು ಬೇರೆ ಕಡೆ ನೆಟ್ಟೆ. ಆಮೇಲೆ ಅವಳೇ ಎರಡು ತುಂಬೆ ಗಿಡ ರಸ್ತೆಬದಿಯಿಂದ ಮಣ್ಣು ಸಮೇತ ತಂದು ಮೂಲೆಯಲ್ಲಿ ಊರಿದಳು. ಹುಳ ಸಾಯಿಸಿದ್ದಕ್ಕೆ ಕ್ಷಮಿಸು ಎಂದು ಹೇಳಲು ನಾಲಿಗೆಯವರೆಗೂ ಬಂತು. "ಕೈ ತೊಳ್ಕೊ" ಎಂದೆ.

ಸಂಜೆ ಧೈರ್ಯ ಮಾಡಿ ಶೇಷಮ್ಮನವರಿಗೆ ಫೋನ್ ಮಾಡಿದೆ, ನಾಲ್ಕನೇ ಸಲಕ್ಕೆ ಸಿಕ್ಕರು. ಈಶ್ವರಿ ಬಳ್ಳಿ ಇದೆಯೇ ಎಂದು ಕೇಳಿದೆ. ಅದು ಹಾವಿನ ವಿಷಕ್ಕೆ ಹಳ್ಳಿಯ ಮದ್ದು, ಯಾರಿಗೆ ಹಾವು ಕಡಿಯಿತು ಎಂದು ಗಾಬರಿಯಾದರು. ಚಿಟ್ಟೆಗೆ ಎಂದೆ. "ನೋಡಣ" ಎಂದು ಇಟ್ಟರು.

ಜುಲೈ 23, ಬುಧವಾರ

ಮಳೆಗೆ ಶಾಲೆಗೆ ರಜೆ ಕೊಟ್ಟು ಮೂರನೇ ದಿನ. ರಾಘವೇಂದ್ರ ನಿನ್ನೆಯಿಂದ ಮೇಗರವಳ್ಳಿ ಕಡೆ ಇದ್ದಾರೆ, ಕಂಬಗಳೇ ಉರುಳಿವೆಯಂತೆ. ಫೋನ್ ಸಿಗುತ್ತಿಲ್ಲ. ನನಗೆ ಭಯವಾದದ್ದು ಧೃತಿಗೆ ಗೊತ್ತಾಯಿತೋ ಏನೋ, "ಅಪ್ಪ ಯಾವಾಗ್ಲೂ ಹೀಗೇ. ಮೂರನೇ ದಿನ ಬರ್ತಾರೆ" ಎಂದಳು.

ಮಧ್ಯಾಹ್ನ ಒಂದರ್ಧ ಗಂಟೆ ಬಿಸಿಲು ಬಂತು. ಕಪ್ಪು ಚಿಟ್ಟೆಯೊಂದು ಕರಿಬೇವಿನ ಸುತ್ತ ಹಾರುತ್ತಾ ಎಲೆ ಎಲೆಗೂ ಹೊಟ್ಟೆ ತಾಗಿಸಿ ಹೋಯಿತು. ಅಂಗಡಿಯಿಂದ ತಂದ ಕಣ್ಣಿಗೆ ಹಿಡಿಯುವ ಭೂತಗನ್ನಡಿ ಕೊಟ್ಟೆ. ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಮೊಟ್ಟೆ. ಆರು. ಭೂತಗನ್ನಡಿಯನ್ನು ಅವಳು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಜುಲೈ 24, ಗುರುವಾರ

ಬಂದರು. ಅಂಗೈ ಸುಲಿದಿದೆ. ಬಾಕಿ ಎಲ್ಲ ಸರಿ. ಬಿಸಿನೀರು ಕಾಯಿಸಿದೆ.

ಆಗಸ್ಟ್ 3, ಭಾನುವಾರ

ಎದುರುಮನೆಯ ಗೇಟಿನ ಮೇಲೆ ಹಳದಿ ಚಿಟ್ಟೆ ಕೂತಿತ್ತು. ತೋರಿಸಿದೆ. ಧೃತಿ ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, "ಎಲ್ಲಿ?" ಎಂದಳು. ಹದಿನೈದು ವರ್ಷ ಜನ ಹಾಗೆ ನೋಡುವುದನ್ನು ಕಂಡವಳು ನಾನು, ಮೂರು ತಿಂಗಳಿಂದ ಇದೇ ಮನೆಯಲ್ಲಿದ್ದು ಇವಳ ಕಣ್ಣು ಗಮನಿಸಿರಲಿಲ್ಲ. ಅವಳು ಎಲ್ಲದಕ್ಕೂ ಹತ್ತಿರ ಬಂದು ನಿಲ್ಲುವುದು ಹಟ ಎಂದುಕೊಂಡಿದ್ದೆ.

ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಆಗಸ್ಟ್ 8, ಶುಕ್ರವಾರ

ಎರಡೂ ಕಣ್ಣಿಗೆ ಒಂದೂಕಾಲು ಪವರ್. ಫ್ರೇಮು ಅವಳೇ ಆರಿಸಿದಳು, ಹಸಿರು. ಕಿವಿಯ ಹಿಂದೆ ಒತ್ತದಂತೆ ನಾನೇ ಬಗ್ಗಿಸಿ ಕೂರಿಸಿದೆ. ಅಂಗಡಿಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ರಸ್ತೆ ನೋಡಿದಳು.

"ಮರಕ್ಕೆ ಎಲೆ ಬೇರೆ ಬೇರೆ ಇದೆ" ಎಂದಳು.

ಮನೆಗೆ ಬರುವ ದಾರಿಯಲ್ಲಿ ಎಲ್ಲ ಬೋರ್ಡುಗಳನ್ನೂ ಗಟ್ಟಿಯಾಗಿ ಓದುತ್ತಾ ಬಂದಳು. ಮನೆ ತಲುಪುವ ಮೊದಲೇ ಹಿತ್ತಿಲ ಕಡೆ ಓಡಿದಳು. ಹುಳಗಳು ಹಸಿರಾಗಿವೆ. ಬೆನ್ನು ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಗೆ ಹಾಕಿ ಕೆಟ್ಟ ವಾಸನೆ ಬಿಡುತ್ತವೆ. "ಚಿಕ್ಕಿ, ಮೂಸಿ ನೋಡಿ" ಎಂದಳು. ಮೂಸಿದೆ. ಕೊಳೆತ ಕಿತ್ತಳೆಯಂತಿತ್ತು. ಇಬ್ಬರೂ ನಕ್ಕಿದ್ದು ಕೇಳಿ ರಾಘು ಹೊರಗೆ ಬಂದರು.

ಆಗಸ್ಟ್ 15, ಶುಕ್ರವಾರ

ಆರರಲ್ಲಿ ಒಂದನ್ನು ಹಕ್ಕಿ ತಿಂದಿತು, ಎರಡು ಕಾಣೆ. ಮೂರು ಕೋಶ ಕಟ್ಟಿವೆ, ಸೊಂಟಕ್ಕೆ ನೂಲು ಕಟ್ಟಿಕೊಂಡು ಕಡ್ಡಿಗೆ ಒರಗಿವೆ. ಧ್ವಜಾರೋಹಣದಿಂದ ಬಂದವಳು ಲಾಡು ಕೈಯಲ್ಲೇ ಹಿಡಿದು ಅವುಗಳ ಮುಂದೆ ಕೂತಿದ್ದಳು.

ಆಗಸ್ಟ್ 23, ಶನಿವಾರ

ಮೂರರಲ್ಲಿ ಒಂದು ಕೋಶದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು. ಒಳಗೆ ಖಾಲಿ. ಮಂಜಯ್ಯನವರಿಗೆ ಫೋನ್ ಮಾಡಿ ಕೇಳಿದೆ. ಸಣ್ಣದೊಂದು ಕಣಜ ಮೊದಲೇ ಒಳಗೆ ಮೊಟ್ಟೆ ಇಟ್ಟಿರುತ್ತದಂತೆ, ಅದರ ಮರಿಗಳು ಒಳಗಿನಿಂದಲೇ ತಿಂದು ಹೊರಗೆ ಬರುತ್ತವಂತೆ. ಏನೂ ಮಾಡುವ ಹಾಗಿಲ್ಲ ಎಂದರು.

ಧೃತಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೋಶವನ್ನು ಅಂಗೈಯಲ್ಲಿ ಇಟ್ಟುಕೊಂಡು, ಭೂತಗನ್ನಡಿಯಲ್ಲಿ ಆ ತೂತನ್ನು ನೋಡಿದಳು.

"ಹೊರಗಿಂದ ಚೆನ್ನಾಗೇ ಇತ್ತು."

"ಹೌದು."

"ಅಮ್ಮನೂ ಹೊರಗಿಂದ ಚೆನ್ನಾಗೇ ಇದ್ಳು. ಮೈಸೂರಿಗೆ ಪ್ರವಾಸ ಹೋಗಿದ್ವಿ ನಾವು. ಝೂನಲ್ಲಿ ಪೂರ್ತಿ ನಡೆದಿದ್ಳು."

ಒಗೆಯುವ ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತೆ. ಕತ್ತಲಾಗುವವರೆಗೆ ಮೈಸೂರಿನ ಜಿರಾಫೆಯ ಬಗ್ಗೆ, ಬಸ್ಸಿನಲ್ಲಿ ಅಮ್ಮ ಕೊಟ್ಟ ಕೋಡುಬಳೆಯ ಬಗ್ಗೆ, ಆಸ್ಪತ್ರೆಯ ಲಿಫ್ಟಿನ ಬಗ್ಗೆ ಹೇಳಿದಳು. ಮಧ್ಯೆ ಮಧ್ಯೆ ಮರೆತುಹೋದದ್ದನ್ನು ನೆನಪಿಸಿಕೊಳ್ಳಲು ನಿಲ್ಲಿಸುತ್ತಿದ್ದಳು. ಅನ್ನಕ್ಕೆ ಇಡುವುದು ಮರೆತೇ ಹೋಯಿತು. ರಾತ್ರಿ ಅವಲಕ್ಕಿ ಮೊಸರು ತಿಂದೆವು.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ಉಳಿದ ಎರಡು ಕೋಶದಿಂದಲೂ ಬೆಳಿಗ್ಗೆ ಚಿಟ್ಟೆ ಬಂದವು. ರೆಕ್ಕೆ ಒದ್ದೆ, ಮಡಚಿದ ಕರವಸ್ತ್ರದ ಹಾಗೆ. ಪೂಜೆ ತಡವಾಯಿತು.

ಸೆಪ್ಟೆಂಬರ್ 7, ಭಾನುವಾರ

ಆಸ್ಪತ್ರೆಯಿಂದ ಈಗ ಬಂದೆವು.

ಮಳೆ ಬಿಟ್ಟಿದೆ. ತುಳಸಿಗೂ ಒಂಟಿ ಸುತ್ತಿನ ಚೆಂಡುಹೂವಿಗೂ ತುಡುವೆ ಜೇನು ಮುತ್ತಿಕೊಂಡಿವೆ, ಬೆಳಗಾದರೆ ಹಿತ್ತಿಲು ಗುಂಯ್ ಎನ್ನುತ್ತದೆ. ಧೃತಿ ಭೂತಗನ್ನಡಿ ಹಿಡಿದು ಹೂವಿನ ತೀರ ಹತ್ತಿರ ಹೋಗಿದ್ದಾಳೆ. ಕೂಗಿದ್ದು ಕೇಳಿ ಓಡಿದೆ. ಕಣ್ಣಿನ ರೆಪ್ಪೆಯ ಮೇಲೆ ಕಚ್ಚಿತ್ತು. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದೆ. ಹತ್ತು ನಿಮಿಷಕ್ಕೆ ಆ ಕಡೆಯ ಮುಖವೆಲ್ಲ ಊದಿ, ಕಣ್ಣೇ ಮುಚ್ಚಿ, ಕುತ್ತಿಗೆಯ ಮೇಲೆ ದದ್ದು ಎದ್ದವು. ರಾಘು ಕಂಬದ ಮೇಲಿದ್ದರೋ ಎಲ್ಲೋ, ಫೋನ್ ಎತ್ತಲಿಲ್ಲ. ಎತ್ತಿಕೊಂಡೇ ರಸ್ತೆಯವರೆಗೆ ಓಡಿದೆ. ಒಂಬತ್ತು ವರ್ಷದ ಮಗುವನ್ನು ಅಷ್ಟು ದೂರ ಹೇಗೆ ಎತ್ತಿಕೊಂಡು ಹೋದೆ ಎಂದು ಈಗ ಆಶ್ಚರ್ಯ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಎರಡು ಗಂಟೆ ಇಟ್ಟುಕೊಂಡರು. ಒಂದು ಕಾಗದ ತುಂಬಿಸಿಕೊಂಡರು, ಹೆಸರು, ವಯಸ್ಸು, ಕರೆತಂದವರು, ಸಂಬಂಧ. ಏನೇನು ಬರೆದೆನೋ ನೆನಪಿಲ್ಲ. ನರ್ಸ್ ಮಾತ್ರ ಹೊರಗೆ ಬಂದು, "ಧೃತಿ ತಾಯಿ ಯಾರು, ಒಳಗೆ ಬನ್ನಿ, ಕರೀತಿದಾಳೆ" ಎಂದರು. ಹೋದೆ. ನನ್ನ ಹೆಬ್ಬೆರಳು ಹಿಡಿದುಕೊಂಡೇ ಮಲಗಿದಳು.

ಸೆಪ್ಟೆಂಬರ್ 8, ಸೋಮವಾರ

ಊತ ಇಳಿಯುತ್ತಿದೆ. ಬೆಳಿಗ್ಗೆ ಕತ್ತಿ ಹಿಡಿದು ಹಿತ್ತಿಲಿಗೆ ಹೋದೆ. ಚೆಂಡುಹೂವು, ತುಳಸಿ ಎಲ್ಲ ಕಿತ್ತು ಎಸೆಯುವುದೆಂದು. ಅವಳು ಒಂದೇ ಕಣ್ಣಿನಲ್ಲಿ ನೋಡುತ್ತಾ ಬಂದಳು.

"ಚಿಕ್ಕಿ, ಬೇಡ. ಅದು ಊಟ ಮಾಡ್ತಿತ್ತು. ನಾನೇ ತಟ್ಟೆಗೆ ಮುಖ ಹಾಕಿದ್ದು."

"ಇನ್ನೊಂದ್ಸಲ ಕಚ್ಚಿದ್ರೆ?"

"ಇನ್ನೊಂದ್ಸಲ ದೂರ ನಿಂತ್ಕೊತೀನಿ. ಕನ್ನಡಕ ಇದೆಯಲ್ಲ, ದೂರದಿಂದ ಕಾಣುತ್ತೆ."

ಕತ್ತಿ ಒಳಗಿಟ್ಟೆ. ಹೂವಿನ ಪಾತಿಯಿಂದ ಎರಡು ಮಾರು ದೂರಕ್ಕೆ ಇಟ್ಟಿಗೆ ಸಾಲು ಹಾಕಿ, ಅದನ್ನು ದಾಟಬಾರದು ಎಂದು ಮಾತು ತೆಗೆದುಕೊಂಡೆ. ಶೇಷಮ್ಮನವರಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಬೈಯಲಿ ಎಂದು ಕಾದೆ. "ಕಣ್ಣಿಗೆ ಏನಾಗಿಲ್ಲ ತಾನೆ" ಎಂದು ಮೂರು ಸಲ ಕೇಳಿದರು. ಆಮೇಲೆ, "ರಜ ಯಾವತ್ತಿಂದ?" ಎಂದರು.

ಸೆಪ್ಟೆಂಬರ್ 20, ಶನಿವಾರ

ರಾಘು ಅವಳನ್ನು ಬೈಕಿನಲ್ಲಿ ಹೊಸನಗರಕ್ಕೆ ಬಿಟ್ಟು ಬಂದರು. ಬಟ್ಟೆ, ಕನ್ನಡಕ ಒರೆಸುವ ಬಟ್ಟೆ, ಜೇನು ಕಚ್ಚಿದರೆ ಕೊಡುವ ಮಾತ್ರೆ, ಡಾಕ್ಟರ ಚೀಟಿ ಎಲ್ಲ ಒಂದೇ ಕವರಿನಲ್ಲಿ ಹಾಕಿದ್ದೆ. ಹೋಗುವಾಗ, "ಕರಿಬೇವಲ್ಲಿ ಒಂಬತ್ತು ಹುಳ ಇದೆ, ದಿನಾ ಹೇಳು" ಎಂದಳು.

ಸೆಪ್ಟೆಂಬರ್ 21, ಭಾನುವಾರ

ಒಂಬತ್ತು. ಸಂಜೆ ಆರಕ್ಕೆ ಫೋನ್ ಮಾಡಿ ಹೇಳಿದೆ.

ಸೆಪ್ಟೆಂಬರ್ 22, ಸೋಮವಾರ

ಎಂಟು. ರಥಪುಷ್ಪದಲ್ಲಿ ಕೆಂಪು ಹೊಟ್ಟೆಯ ಚಿಟ್ಟೆ ಎರಡು.

ಸೆಪ್ಟೆಂಬರ್ 25, ಗುರುವಾರ

ಎಂಟು. ಕರಿಬೇವಿನಲ್ಲಿ ಕಡ್ಡಿ ಮಾತ್ರ ಉಳಿಯುತ್ತಿದೆ. ಅಂಗಡಿಯಿಂದ ಬರುವಾಗ ತರಕಾರಿಯವಳ ಹತ್ತಿರ ಒಂದು ಕಟ್ಟು ಕರಿಬೇವು ತಂದೆ. ಒಗ್ಗರಣೆಗೆ ಆಯ್ದುಕೊಂಡು ಉಳಿದದ್ದನ್ನು ಗಿಡಕ್ಕೆ ಸಿಕ್ಕಿಸಲು ಹೋದೆ, ಹುಳಗಳಿಗೆ ಸಾಲದೇ ಹೋದರೆ ಎಂದು. ಔಷಧಿ ಹೊಡೆದಿದ್ದರೆ ಎಂದು ಹೆದರಿ ವಾಪಸ್ ತಂದೆ. ರಾಘು ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಹಿತ್ತಿಲಲ್ಲಿ ಗಿಡ ಇಟ್ಕೊಂಡು ಪೇಟೆಯಿಂದ ಕರಿಬೇವು ತರೋಳು ತೀರ್ಥಹಳ್ಳೀಲಿ ನೀನೊಬ್ಬಳೇ" ಎಂದರು. ನಗುವಂಥದ್ದು ಏನಿದೆಯೋ. ಎರಡು ಹುಳ ನಿಂಬೆಗೆ ಸಾಗಿಸಿದ್ದೇನೆ.

ಸೆಪ್ಟೆಂಬರ್ 27, ಶನಿವಾರ

ಎಂಟು. ಮನೆ ತೀರಾ ಸುಮ್ಮನಿದೆ.

ಸೆಪ್ಟೆಂಬರ್ 30, ಮಂಗಳವಾರ

ಶೇಷಮ್ಮನವರು ಮಧ್ಯಾಹ್ನ ಅಂಗಡಿಗೇ ಫೋನ್ ಮಾಡಿದರು. ಮಗು ಚೆನ್ನಾಗಿದೆ, ಶಾಲೆಯ ಮೇಷ್ಟ್ರ ಜೊತೆ ಮಾತನಾಡಿದ್ದೇನೆ, ರಜ ಮುಗಿದ ಮೇಲೆ ಸೇರಿಸಿಕೊಳ್ಳುತ್ತಾರೆ ಎಂದರು. ಗಿರಾಕಿಗಳಿದ್ದರು. ಹಿಂದಿನ ಕೋಣೆಗೆ ಹೋಗಿ ಮಾತನಾಡಿದೆ.

ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದವಳು ಬೇರೆಯೇ ಹೇಳಿದೆ. "ಅವಳಿಗೆ ಅಲ್ಲಿ ಖುಷಿ ಅಂದ್ರೆ ಇರ್ಲಿ ಅಮ್ಮ. ಕ್ಲಾಸಲ್ಲಿ ಮುಂದಿನ ಬೆಂಚಲ್ಲಿ ಕೂರಿಸಕ್ಕೆ ಹೇಳಿ. ಆರು ತಿಂಗಳಿಗೊಂದು ಸಲ ಕಣ್ಣು ತೋರಿಸ್ಬೇಕು, ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ಬೈದ್ರೆ ಊಟ ಬಿಡ್ತಾಳೆ, ಆಗ ಮೊಸರವಲಕ್ಕಿ ಕೊಡಿ, ಅದನ್ನ ಬಿಡಲ್ಲ. ಅಮ್ಮನ ವಿಷಯ ಮಾತಾಡಿದ್ರೆ ತಡೀಬೇಡಿ."

ಲೈನ್ ಕಟ್ಟಾಯಿತು ಎಂದುಕೊಂಡೆ. "ಕೇಳ್ತಿದೀನಿ" ಎಂದರು.

ಸಂಜೆ ಆರಕ್ಕೆ ಎಂದಿನಂತೆ ಹೇಳಿದೆ. ಏಳು ಕೋಶ. ಧ್ವನಿ ಸರಿಯಾಗಿಯೇ ಇತ್ತು ಅನಿಸುತ್ತದೆ.

ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆ ಹತ್ತರ ಬಸ್ಸಿಗೆ ಇಬ್ಬರೂ ಬಂದರು. ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಧೃತಿ ಬ್ಯಾಗನ್ನು ಜಗಲಿಯ ಮೇಲೆ ಎಸೆದು ನೇರ ಹಿತ್ತಿಲಿಗೆ ಓಡಿದಳು. ಬ್ಯಾಗಿನಲ್ಲಿ ಬಟ್ಟೆಯೆಲ್ಲ ವಾಪಸ್ ತಂದಿದ್ದಾಳೆ ಎಂದು ಆಗಲೇ ನೋಡಿದೆ, ಆದರೂ ಕೇಳಲು ಭಯ. ಶೇಷಮ್ಮನವರ ಕೈಯಲ್ಲಿ ಹಳೆಯ ಪೇಂಟ್ ಡಬ್ಬಿ, ಅದರಲ್ಲಿ ಮಣ್ಣು ಸಮೇತ ಈಶ್ವರಿ ಬಳ್ಳಿ. ಜಗಲಿಯಲ್ಲಿ ಕೂತು ಮಂಡಿ ಒತ್ತಿಕೊಂಡರು.

"ನಮ್ಮನೇಲಿ ಫೋನಿಗೆ ಸಿಗ್ನಲ್ ಸಿಗೋದು ಗುಡ್ಡದ ಮೇಲೆ" ಎಂದರು. "ಇದು ಐದೂವರೆ ಆಯ್ತು ಅಂದ್ರೆ 'ಅಜ್ಜಿ ಏಳು' ಅಂತದೆ. ಒಬ್ಬಳನ್ನೇ ಕಳ್ಸಕ್ಕಾಗ್ತದಾ? ಹದಿನೈದು ದಿನ ನಾನೂ ಹತ್ತಿದೀನಿ. ಆರು ಗಂಟೆಗೆ ನಿನ್ನ ಫೋನ್ ಬರೋ ಹೊತ್ತಿಗೆ ಇದರ ಮುಖ ನೋಡ್ಬೇಕಿತ್ತು ನೀನು. ನನ್ನ ಈ ಕಾಲಲ್ಲಿ ದಿನಾ ಗುಡ್ಡ ಹತ್ತಕ್ಕಾಗಲ್ಲ ಮಾರಾಯ್ತಿ."

ನಾನು ನೀರು ತರಲು ಒಳಗೆ ಹೋದೆ. ಲೋಟ ಸಿಗಲು ಸ್ವಲ್ಪ ಹೊತ್ತಾಯಿತು.

ಊಟದ ಹೊತ್ತಿಗೆ ರಾಘು ಮಗಳನ್ನು ಕೇಳಿದರು, ನಿನಗೆ ಎಲ್ಲಿರಬೇಕು ಅಂತ. ಅವಳು ಯೋಚಿಸಿ ಹೇಳಿದಳು. "ಸ್ಕೂಲು ಇಲ್ಲಿ. ರಜ ಅಲ್ಲಿ. ಅಜ್ಜಿಗೆ ಬೇಜಾರಾದ್ರೆ ಅಜ್ಜಿ ಇಲ್ಲಿ."

ಶೇಷಮ್ಮನವರು ಅನ್ನ ಕಲೆಸುತ್ತಾ ತಲೆ ಬಗ್ಗಿಸಿದರು. ಸ್ವಲ್ಪ ಹೊತ್ತು ಯಾರೂ ಅವರನ್ನು ನೋಡಲಿಲ್ಲ. ಆಮೇಲೆ, "ಸಾರಿಗೆ ಕರಿಬೇವು ಹಾಕಿಲ್ವಲ್ಲೇ" ಎಂದರು. ಧೃತಿ ಅಜ್ಜಿಯ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಬೋಳು ಗಿಡ ತೋರಿಸಿದಳು.

ಅಕ್ಟೋಬರ್ 8, ಬುಧವಾರ

ಶೇಷಮ್ಮ ಇವತ್ತು ಹೋದರು. ಮೂರು ದಿನವೂ ಅಡುಗೆಮನೆ ಬಿಟ್ಟು ಕೊಡಲಿಲ್ಲ. ಇಬ್ಬರೂ ಸೇರಿ ಡಬ್ಬಿಗಳನ್ನೆಲ್ಲ ತೊಳೆದೆವು. ಚೀಟಿಗಳನ್ನು ತೆಗೆಯುವಾಗ ಹರಿಯಬಾರದೆಂದು ಬಿಸಿನೀರು ಚಿಮುಕಿಸಿ, ಒಂದೊಂದನ್ನೇ ಬಿಡಿಸಿ, ಧೃತಿಯ ಚಿಟ್ಟೆ ಪುಸ್ತಕದ ಹಾಳೆಗಳ ನಡುವೆ ಒಣಗಲು ಇಟ್ಟರು. "ಅಕ್ಷರ ಗುಂಡಗಿತ್ತು ನನ್ನ ಮಗಳದ್ದು" ಎಂದರು. ಹೊಸ ಚೀಟಿಗಳನ್ನು ಧೃತಿ ಬರೆದಳು. ಜೀರಿಗೆ ಡಬ್ಬಿಗೆ 'ಜೀರಿಗೆ' ಎಂದೇ ಇದ್ದರೆ ಎಷ್ಟು ಅನುಕೂಲ.

ನವೆಂಬರ್ 9, ಭಾನುವಾರ

ಹೊಸನಗರಕ್ಕೆ ಹೋಗಿ ಈಗ ತಾನೇ ಬಂದೆವು. ಧೃತಿ ಬಸ್ಸಿನಲ್ಲೇ ನನ್ನ ತೊಡೆಯ ಮೇಲೆ ನಿದ್ದೆ ಮಾಡಿದ್ದಾಳೆ, ಕಾಲು ಜೋಮು ಹಿಡಿದಿದೆ.

ಅಜ್ಜಿಯ ಶಾಲೆಯ ಅಡುಗೆ ಕೋಣೆಯ ಹಿಂದೆ ಒಂದಿಷ್ಟು ಜಾಗ ಇದೆ, ಅಲ್ಲಿ ಹೂವೇ ಇಲ್ಲ ಎಂದು ಅವಳು ದಸರಾ ರಜದಿಂದ ಹೇಳುತ್ತಿದ್ದಳು. ಮಂಜಯ್ಯನವರು ಕೊಟ್ಟ ರಥಪುಷ್ಪದ ಮೂರು ಮರಿ, ಒಂದು ಕೇಪಳ, ಒಂದು ನಿಂಬೆ ಗೋಣಿಯಲ್ಲಿ ಸುತ್ತಿಕೊಂಡು ಹೋದೆವು. ಕಂಡಕ್ಟರು ಕಾಲಡಿ ಇಟ್ಟುಕೊಳ್ಳಲು ಬಿಟ್ಟರು. ಶೇಷಮ್ಮ ಹಾರೆ ತಂದು ತಾವೇ ಗುಂಡಿ ತೋಡಲು ನಿಂತರು, ಮಂಡಿ ನೋವು ಎಂದು ಕಸಿದುಕೊಂಡೆ. ಗೇಣುದ್ದ ಅಗೆಯುವಷ್ಟರಲ್ಲಿ ಕಲ್ಲು. ಧೃತಿ ಎಲ್ಲಿ ಬಿಸಿಲು ಬರುತ್ತದೆ ಎಂದು ಕೈಯೆತ್ತಿ ತೋರಿಸುತ್ತಾ ನನ್ನನ್ನು ಅಲ್ಲಿಂದಿಲ್ಲಿಗೆ ಓಡಾಡಿಸಿದಳು.

ಮಧ್ಯಾಹ್ನ ಅವರ ಜೊತೆ ಅಡುಗೆ ಮಾಡುವ ಹುಲಿಯಮ್ಮ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಯೆಲ್ಲ ಮಣ್ಣಾಗಿ ಹಾರೆ ಹಿಡಿದು ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾರು ಶೇಷಮ್ಮ, ಕೆಲಸದೋರಾ?" ಎಂದರು.

ಶೇಷಮ್ಮ ನಿಂಬೆಯ ಬುಡಕ್ಕೆ ಮಣ್ಣು ಒತ್ತುತ್ತಿದ್ದರು, ತಲೆ ಎತ್ತಲಿಲ್ಲ. "ನನ್ನ ಮಗಳು ಕಣೆ" ಎಂದರು. "ತೀರ್ಥಹಳ್ಳಿಯೋಳು. ಕನ್ನಡಕದ ಕೆಲಸ ಮಾಡ್ತಾಳೆ. ನಿಂಗೆ ಸೂಜಿಗೆ ದಾರ ಹಾಕಕ್ಕಾಗಲ್ಲ ಅಂತಿದ್ಯಲ್ಲ, ತೋರಿಸ್ಕೊ."

ಹುಲಿಯಮ್ಮನ ಮುಖ ಬೆಳಕಿಗೆ ತಿರುಗಿಸಿ ಕಣ್ಣು ನೋಡಿದೆ. ಎಡಗಣ್ಣಿನಲ್ಲಿ ಪೊರೆ ಬರುತ್ತಿದೆ, ಡಾಕ್ಟರಿಗೆ ತೋರಿಸಲೇಬೇಕು ಎಂದೆ. ಮುಂದಿನ ವಾರ ಬರುತ್ತಾರಂತೆ. ಬಸ್ಸಿಗೆ ಹೊತ್ತಾಯಿತೆಂದು ಓಡೋಡಿ ಬಂದದ್ದರಲ್ಲಿ, ನಿಂಬೆಗೆ ಒಂದು ವಾರ ದಿನಾ ನೀರು ಹಾಕಬೇಕು, ಹುಳ ಕಂಡರೆ ತೆಗೆಯಬಾರದು ಎಂದು ಹೇಳುವುದು ಮರೆತೆ. ನಾಳೆ ಫೋನ್ ಮಾಡಬೇಕು. ಆರು ಗಂಟೆಗೆ ಗುಡ್ಡ ಹತ್ತಬೇಡಿ, ಮಧ್ಯಾಹ್ನ ಶಾಲೆಯ ಫೋನಿಗೇ ಮಾಡುತ್ತೇನೆ ಎಂದು ಬೆಳಿಗ್ಗೆಯೇ ಯಾರ ಕೈಲಾದರೂ ಹೇಳಿ ಕಳಿಸಬೇಕು.